ಹತ್ತಿರದ ದವಾಖಾನೆಗೆ ಮಾಡಿದ ಪ್ರಯಾಣ

ನನ್ನ ಮೊಮ್ಮಗಳ ಚಿಕಿತ್ಸೆಯ ಕಡತವನ್ನು ಬೆಳಗಾವಿಯ ಆಸ್ಪತ್ರೆಯವರು ನಮ್ಮ ಒಪ್ಪಿಗೆಯಿಲ್ಲದೆ ಖಾನಾಪುರಕ್ಕೆ ಕಳುಹಿಸಿಬಿಟ್ಟರು. ನಮಗೆ ಅನುಕೂಲವಾಗಲೆಂದು ಹಾಗೆ ಮಾಡಿದರಂತೆ. ಆ ಅನುಕೂಲದಿಂದ ನಮಗೆ ಆದದ್ದೇನು ಎಂಬುದನ್ನು ಕ್ರಮವಾಗಿ ಬರೆದಿಡುತ್ತೇನೆ.

ಈ ಪತ್ರಿಕೆಯ ಪ್ರವಾಸದ ಪುಟಗಳಲ್ಲಿ ಸಿಂಗಪುರ, ದುಬೈ ನೋಡಿಬಂದವರ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಆದರೆ ಅಲ್ಲಿಯವರ ರೀತಿನೀತಿ ತಿಳಿಯದೆ ಎಡವುವುದು, ಕೊಟ್ಟ ಉತ್ತರಕ್ಕೆ ಕೇಳಿದವರು ಬೇರೆಯೇ ಅರ್ಥ ಹಚ್ಚುವುದು, ಒಂದು ಕಿಟಕಿಯವರು ಇನ್ನೊಂದು ಕಿಟಕಿಗೆ ಅಟ್ಟುವುದು, ಇವುಗಳಿಗೆ ಪರದೇಶವೆಂದು ಹೆಸರಾದರೆ ನಾನೂ ಪರದೇಶಕ್ಕೆ ಹೋಗಿಬಂದವನೇ. ಜಾಂಬೋಟಿ ಕಡೆಯ ನಮ್ಮ ಹಳ್ಳಿಯಿಂದ ಅದು ಒಂದು ಬಸ್ಸಿನ ದಾರಿ.

ಹಳ್ಳಿಯ ಹೆಸರು ಬರೆಯುವುದಿಲ್ಲ. ಮೊಮ್ಮಗಳನ್ನು ಪಾರು ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ. ಎಂಟನೆಯ ತರಗತಿಯಲ್ಲಿರುವ ಅವಳಿಗೆ ಹುಟ್ಟಿನಿಂದಲೇ ಎಚ್‌ಐವಿ ಇದೆ. ಈ ಬರಹವನ್ನು ಅವಳೇ ಮೊದಲು ಓದಿದಳು, ಎರಡು ವಾಕ್ಯಗಳನ್ನು ಹೊಡೆದುಹಾಕಿದಳು. ಆ ವಾಕ್ಯಗಳು ಇಲ್ಲಿಲ್ಲ.

ಪಿರನವಾಡಿ ದಾಟುವವರೆಗೆ

ನಮ್ಮ ಊರಿನವರ ತಿಳಿವಳಿಕೆಯಲ್ಲಿ ರೋಗಿ ನಾನು. ನನ್ನ ಕಣ್ಣಿಗೆ ಏನೋ ಆಗಿದೆ, ಬೆಳಗಾವಿಯ ದೊಡ್ಡ ಡಾಕ್ಟರು ಪ್ರತಿ ತಿಂಗಳೂ ಹನಿ ಹಾಕುತ್ತಾರೆ, ಕೈಹಿಡಿದು ರಸ್ತೆ ದಾಟಿಸಲು ಮೊಮ್ಮಗಳು ಜೊತೆಗೆ ಹೋಗುತ್ತಾಳೆ. ಇದು ನನ್ನ ಹೆಂಡತಿ ಓಣಿಯಲ್ಲಿ ಹಬ್ಬಿಸಿದ ಸುದ್ದಿ. ನನ್ನ ಕಣ್ಣುಗಳು ನೆಟ್ಟಗಿವೆ. ಆದರೂ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುವ ಸುಖವನ್ನು ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಒಳಮನೆಯಲ್ಲಿ ಕದ್ದು ಓದುತ್ತೇನೆ. ಸುಳ್ಳು ಹೇಳಿದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸುತ್ತ ಮಾಸ್ತರಿಕೆ ಮುಗಿಸಿದವನಿಗೆ ಈ ವಯಸ್ಸಿನಲ್ಲಿ ದೊರೆತ ಕೆಲಸ ಇದು.

ಕಡತ ಹೋದ ಸುದ್ದಿ ತಿಳಿದ ದಿನವೂ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದೆ. ನಮ್ಮ ಮಾರ್ಗದ ಕಂಡಕ್ಟರನಿಗೆ ಮಾತಿನ ಚಟ.

"ಮಾಸ್ತರ, ಕಣ್ಣು ಹೆಂಗದಾವ್ರಿ?"

"ಇದ್ಧಾಂಗ ಅದಾವಪಾ."

"ನಾ ಯಾವ ಬಣ್ಣದ ಅಂಗಿ ಹಾಕೀನಿ ಹೇಳ್ರಿ ನೋಡೂಣು."

"ಖಾಕಿ," ಎಂದುಬಿಟ್ಟೆ.

"ಚೊಲೊ ಕಾಣಾಕತ್ತೈತಲ್ರಿ ಮತ್ತ. ಡಾಕ್ಟರ್ ಸುಳ್ಳ ಸುಳ್ಳ ಎಳದಾಡ್ಸಾಕತ್ತಾನ ನಿಮ್ಮನ್ನ."

ಪಾರು ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು: "ಕಂಡಕ್ಟರ್ ಅಂದಮ್ಯಾಗ ಖಾಕಿನ ಇರತೈತಲ್ಲ ಮಾಮಾ. ಅಜ್ಜ ಅಂದಾಜಲೆ ಹೇಳ್ಯಾನ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವಳಿಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಹೆಮ್ಮೆಪಡಬೇಕೋ ಮರುಗಬೇಕೋ ನನಗೆ ಈವರೆಗೂ ತಿಳಿದಿಲ್ಲ.

ಓದುಗರು ಕೇಳಬಹುದು, ಇಷ್ಟೆಲ್ಲ ಏತಕ್ಕೆ ಎಂದು. ಪಾರುವಿನ ತಂದೆ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಅವನು ತೀರಿಹೋದ, ಎರಡು ವರ್ಷದ ಮೇಲೆ ನನ್ನ ಮಗಳೂ ಹೋದಳು. ಅವನ ಕಡೆಯವರು ಕೂಸನ್ನು ನೋಡಲು ಬಂದದ್ದು ಒಂದೇ ಸಲ. ತಮ್ಮ ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆಸಲು ನನ್ನ ಸಹಿ ಬೇಕಾಗಿತ್ತು. ಚಹಾ ಮಾಡಿಸಿದೆವು, ಕುಡಿಯಲಿಲ್ಲ. ಲೋಟ ಮುಟ್ಟದೆ ಎದ್ದುಹೋದ ಆ ಮೂವರ ಮುಖಗಳೂ ನನಗೆ ನೆನಪಿವೆ. ರಕ್ತಸಂಬಂಧಿಗಳೇ ಹೀಗಾದ ಮೇಲೆ ಊರನ್ನು ನಂಬುವುದು ಹೇಗೆ? ಜಾಂಬೋಟಿಯಿಂದ ಒಂದು ರಸ್ತೆ ಖಾನಾಪುರಕ್ಕೆ, ಇನ್ನೊಂದು ಬೆಳಗಾವಿಗೆ ಹೋಗುತ್ತದೆ. ಖಾನಾಪುರದ ಬಸ್ಸು ಹತ್ತಿದವರು ಸಂತೆ, ಕಚೇರಿ, ದವಾಖಾನೆ ಎಂದು ದಿನವಿಡೀ ಒಬ್ಬರಿಗೊಬ್ಬರು ಎದುರಾಗುತ್ತಲೇ ಇರುತ್ತಾರೆ. ಬೆಳಗಾವಿಯ ಬಸ್ಸಿನಲ್ಲಿ ಹೋದವರು ಪಿರನವಾಡಿ ದಾಟಿದ ಮೇಲೆ ನಗರದೊಳಗೆ ಚದುರಿಹೋಗುತ್ತಾರೆ. ಆ ಚದುರುವಿಕೆಯೇ ನಮಗೆ ಬೇಕಾದದ್ದು. ಬಸ್ಸಿಳಿದೊಡನೆ ಕನ್ನಡಕವನ್ನು ಜೇಬಿಗೆ ಸೇರಿಸಿದೆ.

ಆಸ್ಪತ್ರೆಯ ಬೆಂಚು

ಎಚ್‌ಐವಿಯ ಗುಳಿಗೆ ಕೊಡುವ ವಿಭಾಗ ಆಸ್ಪತ್ರೆಯ ಹಿಂಬದಿಯಲ್ಲಿದೆ. ಅದರ ಮುಂದಿನ ಉದ್ದನೆಯ ಬೆಂಚಿಗೆ ತನ್ನದೇ ಆದ ರೂಢಿಗಳಿವೆ. ಹೆಸರು ಕೇಳಬಾರದು. ಊರು ಕೇಳಬಾರದು. "ಯಾವ ಬಸ್ಸಿಗೆ ಬಂದ್ರಿ?" ಎಂದು ಕೇಳಬಹುದು. ಅದಕ್ಕೆ ಕೊಟ್ಟ ಉತ್ತರವನ್ನು ನಂಬಬಾರದು. ಅಲ್ಲಿ ಎದೆಯೊಳಗಿನದನ್ನೆಲ್ಲ ತೋಡಿಕೊಂಡವರು ಗೇಟಿನ ಹೊರಗೆ, ಚಹಾದಂಗಡಿಯಲ್ಲಿ ಮೈಗೆ ಮೈ ತಾಗಿಸಿ ನಿಂತರೂ ಒಬ್ಬರನ್ನೊಬ್ಬರು ಗುರುತಿಸುವುದಿಲ್ಲ. ಮೊದಲ ಸಲ ಒಬ್ಬ ಹೆಣ್ಣುಮಗಳು ನನ್ನ ನಮಸ್ಕಾರಕ್ಕೆ ಮುಖ ತಿರುಗಿಸಿದಾಗ ನಾನು ಕೆರಳಿದ್ದೆ. ಅದು ಅವರು ತೋರಿಸುವ ಮರ್ಯಾದೆಯೆಂದು ತಿಳಿಯಲು ಕೆಲವು ತಿಂಗಳು ಬೇಕಾದವು.

ಇನ್ನೊಂದು ಸಂಗತಿಯನ್ನೂ ಅಲ್ಲಿಯೇ ಕಂಡುಕೊಂಡೆ. ಆ ಬೆಂಚಿನ ಮೇಲೆ ಹತ್ತಿರದ ಊರಿನವರು ಯಾರೂ ಇರುವುದಿಲ್ಲ. ಅಂದು ನನ್ನ ಎಡಕ್ಕೆ ಇಸ್ತ್ರಿ ಅಂಗಿಯ, ಪಗಾರದ ನೌಕರಿಯವರೊಬ್ಬರು ಹೆಲ್ಮೆಟ್ಟನ್ನು ತೆಗೆಯದೆ ಕುಳಿತಿದ್ದರು. ಪಕ್ಕದಲ್ಲಿ ಅವರ ಪುಟ್ಟ ಮಗಳು. ಹುಬ್ಬಳ್ಳಿಯಿಂದ ಬರುತ್ತಾರಂತೆ.

"ಹುಬ್ಬಳ್ಳ್ಯಾಗ ಸಿಗಂಗಿಲ್ಲೇನ್ರಿ ಗುಳಿಗಿ?" ಎಂದೆ.

"ಸಿಗತಾವ್ರಿ. ಬೆಳಗಾವಿ ಮಂದಿ ಎಲ್ಲಾ ಅಲ್ಲಿಗೆ ಹೋಗ್ತಾರ," ಎಂದರು ಹೆಲ್ಮೆಟ್ಟಿನೊಳಗಿಂದ.

ಎರಡು ಊರುಗಳ ಬಸ್ಸುಗಳಲ್ಲಿ ಒಂದೇ ಕಾಯಿಲೆಯ ಮಕ್ಕಳು ಕಿತ್ತೂರಿನ ಹತ್ತಿರ ಎದುರುಬದುರಾಗಿ ಹಾದುಹೋಗುವುದನ್ನು ಕಲ್ಪಿಸಿಕೊಂಡೆ. ನಗು ಬರಲಿಲ್ಲ.

ಬಲಕ್ಕೆ ಲಕ್ಕವ್ವ ಎಂಬ ಮುದುಕಿ. ಬೆಂಚಿನ ನಿಯಮ ಮುರಿದು ತನ್ನ ಹೆಸರನ್ನು ತಾನೇ ಸಾರಿಕೊಂಡ ಏಕೈಕ ವ್ಯಕ್ತಿ ಅವಳು. ಕುರಿ ಮೇಯಿಸುವವರು, ಸುಗ್ಗಿಯಾದ ಮೇಲೆ ಮೂಡಣ ಸೀಮೆಯಿಂದ ಕುರಿ ಹೊಡೆದುಕೊಂಡು ಬಂದು ಖಾನಾಪುರದ ಭತ್ತದ ಗದ್ದೆಗಳಲ್ಲಿ ಹಟ್ಟಿ ಹಾಕುತ್ತಾರೆ. ಗೊಬ್ಬರಕ್ಕಾಗಿ ಗದ್ದೆಯವರು ಜೋಳ, ಅಕ್ಕಿ ಕೊಡುತ್ತಾರೆ. ತಾಯಿಯಿಲ್ಲದ ಮೊಮ್ಮಗಳು ಅವಳ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಮುದುಕಿ ಬೆಳಗಾವಿಗೆ ಬಂದ ದಿನ ಹಿಂಡನ್ನು ಕಾಯಲು ಮಗ ಕೂಲಿ ಬಿಡಬೇಕು.

"ನನ್ನ ಕಾಗದ ಖಾನಾಪುರಕ್ಕ ಹಾಕಿಕೊಡ್ರಿ ಅಂತ ಬಡಕೊಳ್ಳಾಕತ್ತೀನಿ," ಎಂದಳು. "ನಿನ್ನ ಕಾರ್ಡಿನ ಊರು ಅದಲ್ಲಬೇ ಅಂತಾರ. ಕುರಿ ಎಲ್ಲಿ ಅದಾವೋ ಅದ ನಮ್ಮೂರು. ಕಾರ್ಡಿಗೇನು ಹುಲ್ಲ ಬೇಕಾಗೈತೇನು?"

ಕಿಟಕಿ

ನಮ್ಮ ಸರದಿ ಬಂದಾಗ ಕಿಟಕಿಯೊಳಗಿನ ಆಪ್ತಸಮಾಲೋಚಕಿ ಮುಗುಳ್ನಕ್ಕರು. ಸಿಹಿ ಸುದ್ದಿ ಹೇಳುವವರ ನಗು ಅದು.

"ಸರ್, ನಿಮ್ದು ಖಾನಾಪುರಕ್ಕ ಟ್ರಾನ್ಸಫರ್ ಆಗೈತ್ರಿ. ಇನ್ನಮ್ಯಾಲೆ ಇಷ್ಟ ದೂರ ಬರೂದ ಬ್ಯಾಡ. ಈ ಚೀಟಿ ತೋರಿಸಿದ್ರ ಅಲ್ಲೇ ಗುಳಿಗಿ ಕೊಡ್ತಾರ."

"ಯಾರನ್ನ ಕೇಳಿ ಮಾಡಿದ್ರಿ ಇದನ್ನ?"

"ನಿಮ್ಮನ್ನ ಕೇಳೀನಲ್ರಿ ಹೋದ ಸಲ. ನಿಮ್ಮೂರಿಗೆ ಖಾನಾಪುರ ಹತ್ರ ಆಗ್ತೈತೇನ್ರಿ ಅಂದೆ. ಹೌದು, ಭಾಳ ಹತ್ರ ಅಂದ್ರಿ."

ಕೇಳಿದ್ದು ನಿಜ. ನಾನು ಹಾಗೆ ಹೇಳಿದ್ದೂ ನಿಜ. ಬೆಳಗಾವಿಗಿಂತ ಖಾನಾಪುರ ನಮ್ಮ ಊರಿಗೆ ಹತ್ತಿರವೆಂಬುದನ್ನು ನಕಾಶೆಯ ಮೇಲೆ ಕೋಲು ಹಿಡಿದು ತಲೆಮಾರುಗಳಿಗೆ ಕಲಿಸಿದವನು ನಾನು. ಭೂಗೋಳದ ಪ್ರಶ್ನೆಗೆ ತಪ್ಪು ಉತ್ತರ ಕೊಡುವುದು ನನ್ನಿಂದ ಆಗದು. ಆದರೆ ದೂರವೆಷ್ಟು ಎಂದು ಕೇಳಿದವರು ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವ ದೇಶಕ್ಕೆ ನಾನು ಬಂದಿದ್ದೇನೆಂದು ಯಾರೂ ತಿಳಿಸಿರಲಿಲ್ಲ.

"ತಾಯಿ, ನಾವು ದೂರ ಅಂತನ ಇಲ್ಲಿಗೆ ಬರೂದು," ಎಂದೆ.

ಆಕೆ ಕೆಟ್ಟ ಹೆಂಗಸಲ್ಲ. ದನಿ ತಗ್ಗಿಸಿ ವಿವರಿಸಿದರು: "ಕೂಲಿ ಬಿಟ್ಟು ಬರೂ ಮಂದಿ ನಡುವ ಬಿಟ್ಟುಬಿಡ್ತಾರ್ರಿ. ಕೂಸುಗೋಳಿಗೆ ಗುಳಿಗಿ ತಪ್ಪತಾವು. ಅದಕ್ಕ ಎಲ್ಲಾರ್ನೂ ಹತ್ರದ ಸೆಂಟರಿಗೆ ಹಾಕ್ರಿ ಅಂತ ಮ್ಯಾಲಿನವರು ಹೇಳ್ಯಾರ."

ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅದನ್ನು ಅಲ್ಲಗಳೆಯಲು ಲಕ್ಕವ್ವನ ಪಕ್ಕದಲ್ಲಿ ನಿಂತು ನನಗೆ ನಾಲಿಗೆ ಹೇಗೆ ಬಂದೀತು? ನನಗೆ ಪಿಂಚಣಿ ಇದೆ, ದೂರವನ್ನು ಕೊಂಡುಕೊಳ್ಳಬಲ್ಲೆ. ಅವಳಿಗೆ ಆಗದು. ಆದರೆ ಅವಳನ್ನು ಕೇಳಿದ್ದರೆ ಖಾನಾಪುರ ಎನ್ನುತ್ತಿದ್ದಳು, ನನ್ನನ್ನು ಕೇಳಿದ್ದರೆ ಬೆಳಗಾವಿ ಎನ್ನುತ್ತಿದ್ದೆ. ಇಬ್ಬರನ್ನೂ ಕೇಳದೆ ಇಬ್ಬರಿಗೂ ಬೇಡದ್ದನ್ನು ಕೊಡುವ ಕುಶಲತೆ ಯಾವ ದೇಶದಲ್ಲಿದ್ದೀತು?

ಮುದುಕಿ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಯವ್ವಾ, ಇವ್ರನ್ನ ಇಲ್ಲೇ ಇಟಗೊಂಡು ನನ್ನ ಅಲ್ಲಿಗೆ ಕಳಸ. ಲೆಕ್ಕ ಸರಿಹೋಗತೈತಿ."

"ಹಂಗ ಬರಂಗಿಲ್ಲಜ್ಜಿ."

"ಯಾಕ ಬರಂಗಿಲ್ಲ? ನಾವು ಟಗರು ಅದಲಬದಲ ಮಾಡ್ತೀವಲ್ಲ."

ಆಪ್ತಸಮಾಲೋಚಕಿ ನಕ್ಕರು, ಚೀಟಿ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಪಾರುವಿನ ಡಬ್ಬಿಯಲ್ಲಿ ಆ ರಾತ್ರಿಯ ಗುಳಿಗೆಯೊಂದೇ ಇತ್ತು. ಕಂಪ್ಯೂಟರಿನಲ್ಲಿ ಅವಳ ಹೆಸರು ಇಲ್ಲಿಂದ ಹೋಗಿತ್ತು. ಹೆಸರಿಲ್ಲದವರಿಗೆ ಗುಳಿಗೆ ಕೊಡುವಂತಿಲ್ಲ.

ಅಂಗಳಕ್ಕೆ ಬಂದ ಮೇಲೆ ಪಾರು ನಿಂತಳು. "ನಾ ಖಾನಾಪುರಕ್ಕ ಬರಂಗಿಲ್ಲಜ್ಜಾ. ಅಲ್ಲಿ ಶೋಭಕ್ಕ ಅದಾಳ."

ಶೋಭಾ ನಮ್ಮ ಓಣಿಯವಳು, ಎರಡು ಮನೆ ಆಚೆಯ ಸೊಸೆ. ಖಾನಾಪುರದಲ್ಲಿ ದವಾಖಾನೆಯ ಕೆಲಸಕ್ಕೆ ಹೋಗುತ್ತಾಳೆ. ಅವಳ ಮಗಳು ಸುನೀತಾ ಮತ್ತು ಪಾರು ಇಬ್ಬರೂ ಒಂದನೆಯ ತರಗತಿಯಿಂದ ಒಂದೇ ಬೆಂಚು. ಬುತ್ತಿಯನ್ನೂ ಹಂಚಿಕೊಂಡು ತಿನ್ನುತ್ತಾರೆ.

ಖಾಸಬಾಗ

ರಾತ್ರಿ ಉಳಿದುಕೊಳ್ಳಲು ಬೆಳಗಾವಿಯ ಖಾಸಬಾಗದಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮನ ಮಗಳು ಕಮಲಾ ಇದ್ದಾಳೆ. ಕೆಳಗೆ ಮಗ್ಗ, ಮೇಲೆ ಮನೆ. ನಮ್ಮ ಬಳಗದಲ್ಲಿ ಪಾರುವಿನ ವಿಷಯ ತಿಳಿದವಳು ಅವಳೊಬ್ಬಳೇ. ಅವಳ ಉಪಚಾರಕ್ಕೆ ಎಣೆಯಿಲ್ಲ. ಬಿಸಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಮತ್ತು ಪಾರುವಿಗೆ ಪ್ರತಿ ಸಲವೂ ಒಂದು ಹೊಚ್ಚ ಹೊಸ ಸ್ಟೀಲ್ ತಟ್ಟೆ.

ಆ ತಟ್ಟೆಯ ಅಂಚಿನ ಚೀಟಿಯನ್ನು ನಮ್ಮೆದುರಿಗೇ ಕಿತ್ತು, ತೊಳೆದು, ಅದರಲ್ಲಿ ಅವಳಿಗೆ ಬಡಿಸುತ್ತಾಳೆ. ಊಟವಾದ ಮೇಲೆ ಅದನ್ನು ಒರೆಸಿ, ಅರಿಷಿಣ ಕುಂಕುಮ ಹಚ್ಚಿ, "ಆಯೇರಿ ಅಂತ ತಿಳಕೋ ನಮ್ಮವ್ವಾ" ಎಂದು ಮದುವೆಯ ಉಡುಗೊರೆಯಂತೆ ಚೀಲಕ್ಕೆ ಹಾಕುತ್ತಾಳೆ. ಮನೆಯ ತಟ್ಟೆಗಳಲ್ಲಿ ಒಂದನ್ನೂ ಅವಳ ಮುಂದೆ ಇಡುವುದಿಲ್ಲ. ಇದಕ್ಕೆ ನಾನು ಏನು ಹೇಳಬೇಕು? ಲೋಟ ಮುಟ್ಟದೆ ಎದ್ದುಹೋದವರ ಮೇಲೆ ಸಿಟ್ಟಾಗಬಹುದು. ಅವಮಾನಕ್ಕೆ ಕುಂಕುಮ ಹಚ್ಚಿ ಕೊಟ್ಟರೆ ಕೈಮುಗಿದೇ ತೆಗೆದುಕೊಳ್ಳಬೇಕಾಗುತ್ತದೆ.

ಕಮಲಾ ಒಳಗೆ ಹೋದಾಗ ಪಾರು ಪಿಸುಗುಟ್ಟಿದಳು: "ಅಜ್ಜಾ, ಇನ್ನೊಂದ ವರ್ಷ ಬಂದ್ರ ನಮ್ಮ ಮನ್ಯಾಗ ಪಂಕ್ತಿ ಕೂಡಸಬಹುದು."

ನಕ್ಕೆವು. ಆಮೇಲೆ ಅವಳು ಕೊನೆಯ ಗುಳಿಗೆಯನ್ನು ನುಂಗಿ, ಖಾಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕುಳಿತಳು.

"ನಾಳಿಂದ ಬಿಟ್ಟಬಿಡ್ತೇನಿ. ಸುನೀತಾಗ ಗೊತ್ತಾಗೂದ ಬ್ಯಾಡ."

ಹಿಂದೊಮ್ಮೆ ಸಿಟ್ಟಿನಲ್ಲಿ ಗುಳಿಗೆ ಬಿಟ್ಟು ಅವಳು ಮಳೆಗಾಲವಿಡೀ ಹಾಸಿಗೆ ಹಿಡಿದಿದ್ದಳು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಅನುಮತಿಯಿಲ್ಲ.

"ದೊಡ್ಡ ದವಾಖಾನಿ ಅದು," ಎಂದೆ. "ಆಕಿ ಯಾವ ಖೋಲ್ಯಾಗ ಇರ್ತಾಳೋ, ನಾವು ಯಾವ ಖೋಲಿಗೆ ಹೋಗ್ತೀವೋ. ಒಂದ ಸಲ ತರೂಣು. ಅಷ್ಟರಾಗ ನಾ ತಿರುಗಿ ಬೆಳಗಾವಿಗೆ ಮಾಡಸ್ತೇನಿ."

"ಆಣಿ ಮಾಡು."

ಮಾಡಿದೆ.

ಖಾನಾಪುರ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಟಿಕೆಟ್ಟು ಕನ್ನಡದಲ್ಲಿ ಕೇಳಿದವರು ಚಿಲ್ಲರೆಗೆ ಮರಾಠಿಯಲ್ಲಿ ಜಗಳವಾಡುತ್ತಾರೆ. ಬೇರೆ ದಿನವಾಗಿದ್ದರೆ ನನಗದು ಸೊಗಸಾಗಿ ಕೇಳುತ್ತಿತ್ತು. ಅಂದು ಪ್ರತಿ ನಿಲ್ದಾಣದಲ್ಲಿ ಹತ್ತುವವರ ಮುಖ ನೋಡುವುದೇ ಕೆಲಸವಾಯಿತು. ಕನ್ನಡಕ ಮತ್ತೆ ಮೂಗಿನ ಮೇಲೆ ಬಂದಿತ್ತು.

ಬೆಳಗಾವಿಯಲ್ಲಿ ಹಿಂಬದಿಗಿದ್ದ ಬೆಂಚು ಇಲ್ಲಿ ಎದುರಿಗೇ ಇದೆ. ಗುಳಿಗೆಯ ಕೋಣೆಯ ಬಾಗಿಲು, ನಾಯಿ ಕಡಿಸಿಕೊಂಡವರು ಸೂಜಿಗಾಗಿ ನಿಲ್ಲುವ ಸಾಲಿಗೆ ಮುಖ ಮಾಡಿದೆ. ಸಾಲಿನವರಿಗೆ ಹೊತ್ತು ಹೋಗಬೇಕಲ್ಲ. ಎದುರಿನ ಬಾಗಿಲಿಗೆ ಯಾರು ಹೊಕ್ಕರು, ಯಾರು ಬಂದರು ಎಂದು ನೋಡುತ್ತಾರೆ. ಈ ಏರ್ಪಾಟನ್ನು ಮಾಡಿದ ಮಹಾನುಭಾವರು ಆ ಬೆಂಚಿನ ಮೇಲೆ ಒಂದು ಗಳಿಗೆಯಾದರೂ ಕುಳಿತು ನೋಡಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ತಲೆ ತಗ್ಗಿಸಿ ಒಳಹೊಕ್ಕೆವು. ಮೇಜಿನ ಆಚೆ ಶೋಭಾ ಕುಳಿತಿದ್ದಳು.

"ಅಯ್ಯ, ಮಾಸ್ತರ," ಎಂದು ಎದ್ದುನಿಂತಳು. ಅವಳ ಗಂಡ ನನ್ನ ಶಿಷ್ಯ. "ದಾರಿ ತಪ್ಪಿ ಬಂದ್ರೇನ್ರಿ? ಕಣ್ಣಿಂದು ಬಾಜೂ ಖೋಲ್ಯಾಗ ಐತಿ. ಡಾಕ್ಟರ್ ಇವತ್ತ ಬರಂಗಿಲ್ರಿ, ಮಂಗಳವಾರ ಬರ್ತಾರ. ಪಾರು, ಅಜ್ಜಗ ಹೇಳಬಾರದೇನ ನೀ?"

ನಮ್ಮ ಸುಳ್ಳನ್ನು ಅಷ್ಟು ಮನಸಾರೆ ನಂಬಿದ್ದಳು. ಅದನ್ನು ಹಿಡಿದುಕೊಂಡು ಹೊರಗೆ ಬಂದುಬಿಡಬಹುದಿತ್ತು. ನನ್ನ ಕೈ ಪಾರುವಿನ ಹೆಗಲಿಗೆ ಹೋಯಿತು. ಅವಳು ಅದನ್ನು ಸರಿಸಿ, ಖಾಲಿ ಡಬ್ಬಿಯನ್ನೂ ಚೀಟಿಯನ್ನೂ ಮೇಜಿನ ಮೇಲೆ ಇಟ್ಟಳು.

ಶೋಭಾ ಓದಿದಳು. ಕುಳಿತಳು. ಎದ್ದುಹೋಗಿ ಬಾಗಿಲು ಹಾಕಿ ಬಂದು ಮತ್ತೆ ಕುಳಿತಳು.

"ಯಾರ ಮುಂದೂ ಅನ್ನಂಗಿಲ್ರಿ ಮಾಸ್ತರ. ನನ್ನ ಮನಿಯವ್ರ ಮುಂದ ಸೈತ. ಖರೇ ಹೇಳ್ತೇನಿ."

"ಗೊತ್ತೈತವ್ವ," ಎಂದೆ.

ತೂಕ ನೋಡಿದಳು, ಗುಳಿಗೆ ತಪ್ಪಿವೆಯೇ ಎಂದು ಕೇಳಿದಳು, ಡಬ್ಬಿಗಳನ್ನು ಎಣಿಸಿ ಕೊಟ್ಟಳು. ಎಲ್ಲವೂ ಕ್ರಮಬದ್ಧ. ಕೊನೆಗೆ ಕನಿಕರದಿಂದ ಹೇಳಿದಳು: "ನೀವ ಈ ವಯಸ್ಸಿನ್ಯಾಗ ಬರೂದ ಬ್ಯಾಡ್ರಿ. ತಿಂಗಳಾ ನಾನ ಸಂಜೀಕ ಮನಿಗೆ ತಂದ ಕೊಡ್ತೇನಿ."

"ಬ್ಯಾಡ ಶೋಭಕ್ಕ," ಎಂದಳು ಪಾರು. "ನೀವ ಬಂದ್ರ ಸುನೀತಾನೂ ಬೆನ್ನಹತ್ತಿ ಬರ್ತಾಳ."

ಮಗಳ ಹೆಸರು ಕೇಳುತ್ತಲೇ ಶೋಭಾಳ ಮುಖದಲ್ಲಿ ಒಂದು ಬದಲಾವಣೆಯಾಯಿತು. ಅಲ್ಲಿಯವರೆಗೆ ಅವಳು ದವಾಖಾನೆಯವಳಾಗಿದ್ದಳು. ಆ ಕ್ಷಣದಲ್ಲಿ ಒಂದು ಬೆಂಚು, ಒಂದು ಬುತ್ತಿ ಅವಳ ಕಣ್ಣ ಮುಂದೆ ಬಂದಿರಬೇಕು. ಕಪ್ಪು ಗಾಜಿನ ಹಿಂದಿನಿಂದಲೂ ನನಗದು ಸ್ಪಷ್ಟವಾಗಿ ಕಂಡಿತು.

ಮನೆ

ಶೋಭಾ ತನ್ನ ಮಾತನ್ನು ಉಳಿಸಿಕೊಂಡಳು. ಊರಿನಲ್ಲಿ ಯಾರಿಗೂ ಏನೂ ತಿಳಿದಿಲ್ಲ. ನನ್ನ ಕಣ್ಣಿನ ಕ್ಷೇಮವನ್ನು ಜನ ಈಗಲೂ ವಿಚಾರಿಸುತ್ತಾರೆ.

ಆದರೆ ಸೋಮವಾರ ಸುನೀತಾ ಶಾಲೆಗೆ ಬಂದವಳು ಪಾಟಿಚೀಲವನ್ನು ಎತ್ತಿಕೊಂಡು ಹಿಂದಿನ ಸಾಲಿಗೆ ಹೋದಳು. ಕಿಟಕಿಯ ಗಾಳಿಗೆ ನೆಗಡಿಯಾಗುತ್ತದೆ ಎಂದಳಂತೆ. ಮಧ್ಯಾಹ್ನ ಬುತ್ತಿಯನ್ನೂ ಅಲ್ಲಿಯೇ ಬಿಚ್ಚಿದಳು. ಉಳಿದ ಹುಡುಗಿಯರು ಕಾರಣ ಕೇಳಿದರು. ಅವಳಿಗೂ ಕಾರಣ ತಿಳಿದಿರಲಿಲ್ಲ, ಅವ್ವ ಹೇಳಿದ್ದಳು ಅಷ್ಟೆ. ಕಾರಣವಿಲ್ಲದ ಆ ದೂರವನ್ನು ಕಂಡು ಬೇರೆ ಯಾರೂ ಆ ಖಾಲಿ ಜಾಗಕ್ಕೆ ಬರಲಿಲ್ಲ. ಗುರುಗಳೂ ಕೇಳಲಿಲ್ಲ. ಮರುದಿನವೂ ಹಾಗೆಯೇ. ಅದರ ಮರುದಿನದಿಂದ ಪಾರು ಶಾಲೆಗೆ ಹೋಗುತ್ತಿಲ್ಲ.

ಗುಳಿಗೆಯನ್ನು ತಪ್ಪಿಸುವುದಿಲ್ಲ. ನಾನು ಆಣೆ ಮಾಡಿದ್ದೆನಲ್ಲ, ಅದಕ್ಕೆ ಪ್ರತಿಯಾಗಿ ಅವಳು ತನ್ನದನ್ನು ನಡೆಸುತ್ತಿದ್ದಾಳೆ.

ನನ್ನದನ್ನು ನಡೆಸಲು ಒಬ್ಬನೇ ಬೆಳಗಾವಿಗೆ ಹೋದೆ. ಕಡತವನ್ನು ಹಿಂದಕ್ಕೆ ತರಿಸಿಕೊಡಿ ಎಂದೆ. ಕಾರಣ ಬರೆದುಕೊಡಿ ಎಂದರು. ಅವರ ನಮೂನೆಯಲ್ಲಿ ಮನೆ ಬದಲಾವಣೆ, ಮದುವೆ, ಕೆಲಸಕ್ಕಾಗಿ ವಲಸೆ, ಹೀಗೆ ಕೆಲವು ಕಾರಣಗಳು ಮುದ್ರಿತವಾಗಿದ್ದವು. ನಮ್ಮ ಕಾರಣ ಅದರಲ್ಲಿ ಇರಲಿಲ್ಲ. ಮೇಲಧಿಕಾರಿಯೊಬ್ಬರು ಸೌಜನ್ಯದಿಂದ ಕುರ್ಚಿ ಕೊಟ್ಟು ಕೂಡಿಸಿ ಕೇಳಿದರು:

"ಖಾನಾಪುರದಾಗ ನಮ್ಮ ಸಿಬ್ಬಂದಿ ಏನರ ತಪ್ಪ ಮಾಡ್ಯಾರೇನ್ರಿ? ಗುಟ್ಟು ಬಿಟ್ಟುಕೊಟ್ಟಾರೇನು? ಹೆಸರು ಹೇಳ್ರಿ, ಇವತ್ತ ಕ್ರಮ ತಗೋತೇವಿ."

ತಪ್ಪು ಮಾಡಿಲ್ಲ, ಗುಟ್ಟು ಬಿಟ್ಟುಕೊಟ್ಟಿಲ್ಲ ಎಂದೆ.

"ಮತ್ತ ನಿಮ್ಮ ತಕರಾರು ಏನ್ರಿ ಹಿರಿಯರ?"

ಅಲ್ಲಿ ಉತ್ತರಿಸಲು ಅವರು ಸಮಯ ಕೊಡಲಿಲ್ಲ, ಫೋನು ಬಂತು. ಆದ್ದರಿಂದ ಇಲ್ಲಿ ಉತ್ತರಿಸುತ್ತಿದ್ದೇನೆ. ಶೋಭಾಳ ಮೇಲೆ ನನ್ನ ದೂರಿಲ್ಲ. ತನ್ನ ಮಗಳ ವಿಷಯದಲ್ಲಿ ತಾಯಿಯೊಬ್ಬಳು ಹೆದರಿದಳು. ಹೆದರಬೇಕಾದ್ದೇನೂ ಇಲ್ಲವೆಂದು ಮಂದಿಗೆ ದಿನವೂ ತಿಳಿಹೇಳುವ ಕೆಲಸದವಳೇ ಹೆದರಿದಳು. ಮನುಷ್ಯರು ಹೀಗೆ ಹೆದರುತ್ತಾರೆಂದು ನಮಗೆ ತಿಳಿದಿತ್ತು, ಅದಕ್ಕಾಗಿಯೇ ನಾವು ದೂರ ಹೋಗುತ್ತಿದ್ದೆವು. ಅದು ತಿಳಿಯಬೇಕಾಗಿದ್ದ ನಿಮಗೆ ಮಾತ್ರ ತಿಳಿಯಲಿಲ್ಲ.

ಒಂದು ಮಾತು ಕೇಳದೆ ಒಬ್ಬ ಹುಡುಗಿಯ ಕಡತವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗಾಯಿಸಬಲ್ಲ ಮಹನೀಯರೇ, ಹಿಂದಿನ ಸಾಲಿಗೆ ಹೋದ ಸುನೀತಾಳನ್ನು ಪಾರುವಿನ ಬೆಂಚಿಗೆ ವರ್ಗಾಯಿಸಿ ಕೊಡಬಲ್ಲವರು ನಿಮ್ಮಲ್ಲಿ ಯಾರಿದ್ದೀರಿ?